ಹೆಪ್ಪು

ತೊಂಬತ್ತೇಳರಲ್ಲಿ ನಿಂತಿದೆ, ಮೂರು ವಾರದಿಂದ.
ಹನ್ನೊಂದು ಗಂಟೆಯ ತಾಳಮದ್ದಳೆ,
ನಾನೇ ಕ್ಯಾಸೆಟ್ಟಿನಿಂದ ಇಳಿಸಿ ನಾನೇ ಹಂಚಿದ್ದು.
ತುಲಾ ತಿಂಗಳ ಸಿಡಿಲು ಪೆರ್ಲದ ನನ್ನ ಅಂಗಡಿಗೆ ಬಂದು
ಡಿಸ್ಕನ್ನು ಮಾತ್ರ ತಿಂದು ಹೋಯಿತು;
ಕ್ಯಾಸೆಟ್ಟುಗಳಿಗೆ ಅದಕ್ಕೂ ಮೊದಲೇ ಬೂಸ್ಟು.

ಈಗ ಕೊಟ್ಟವನೇ ಕೈಯೊಡ್ಡಿ ಕೂತಿದ್ದೇನೆ.
ತೆಗೆದುಕೊಂಡವರು ನಲವತ್ತೊಂದು ಮಂದಿ.
ತೆರೆದಿಟ್ಟವರನ್ನು ಎಣಿಸಲು ಒಂದು ಕೈಯೂ ಹೆಚ್ಚಾಯಿತು.

ಉಳಿದ ಮೂರು ಎಂದರೆ ಕೊನೆಯ ಮೂರಲ್ಲ,
ಅಲ್ಲಲ್ಲಿ ತೂತು, ಇಲಿ ಕಡಿದ ಸೀರೆಯ ಹಾಗೆ.
ಅರ್ಥಧಾರಿ ಏರುದನಿಯಲ್ಲಿ ಕೇಳಿದ ಪ್ರಶ್ನೆ ಇದೆ.
ಉತ್ತರ ತೂತಿನಲ್ಲಿದೆ. ಆಚೆಗೆ ಬರೀ ಚಪ್ಪಾಳೆ.

ಬದಿಯಡ್ಕದ ಅಂದುಞಿಗೆ ಫೋನು ಮಾಡಿದೆ,
ಒಂದು ರಾತ್ರಿ ತೆರೆದಿಡು ಮಾರಾಯ.
"ಕರೆಂಟಿನ ಬಿಲ್ಲು ಯಾರು, ಭಾಗವತರು ಕಟ್ಟುತ್ತಾರಾ?"
ಎಂದ, ನಗುತ್ತಲೇ.
ಐತ್ತಪ್ಪ ಮಾಷ್ಟ್ರಿಗೆ ಪೊಲೀಸರ ಹೆದರಿಕೆ.
ಕಳ್ಳ ಸಿನೆಮಾ ಬರುವುದೂ ಅದೇ ದಾರಿಯಲ್ಲಂತೆ,
ದಾರಿಯನ್ನೇ ಹಿಡಿದು ಒಳಗೆ ಹಾಕುತ್ತಾರಂತೆ.
ಲವೀನಾ ಕ್ರಾಸ್ತಾಳಿಗೆ ಈಗ ಎಲ್ಲವೂ ಮೊಬೈಲಿನಲ್ಲಿ,
ಹಳೆಯ ಕಂಪ್ಯೂಟರಿನ ಮೇಲೆ ಹಪ್ಪಳದ ಡಬ್ಬ.
ಇನ್ನೊಬ್ಬ ಕೇಳಿದ, ಯೂಟ್ಯೂಬಿನಲ್ಲಿ ಇಲ್ಲವಾ?
ಅಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂಬ ಹಾಗೆ.

ಯಾರನ್ನು ಬಯ್ಯಲಿ.
ನಮ್ಮಲ್ಲೂ ಒಂದು ಕಾಲಕ್ಕೆ ಹೆಪ್ಪು ತಪ್ಪಿದರೆ
ಬೇಲಿಯಾಚೆಗೆ ಲೋಟ ಹೋಗುತ್ತಿತ್ತು,
ಅವರದು ಹಾಳಾದರೆ ನಮ್ಮ ಮನೆಯಿಂದ.
ಮೂಲದ್ದು ಯಾರ ಮನೆಯದೆಂದು ಯಾರಿಗೂ ಗೊತ್ತಿರಲಿಲ್ಲ,
ಒಂದು ಚಮಚ ಕೊಟ್ಟು ಯಾರ ಪಾತ್ರೆಯೂ ಬರಿದಾಗಲಿಲ್ಲ.
ಆದರೆ ಕೇಳಬೇಕಿತ್ತು.
ದೀಪ ಹಚ್ಚುವ ಮೊದಲು ಹೋಗಿ,
ಅಂಗಳದಲ್ಲಿ ನಿಂತು, ಬೇಡದ ಸುದ್ದಿಗೂ ಹೌದಾ ಎಂದು.
ಆಮೇಲೆ ಮಿಲ್ಮಾ ಪ್ಯಾಕೆಟು ಬಂತು.
ಹಣ ಕೊಟ್ಟರೆ ಮುಗಿಯಿತು, ಹಂಗಿಲ್ಲ.
ಅಮ್ಮನೂ ಅದನ್ನೇ ತಂದಳು. ನಾನೂ.

ನಿನ್ನೆ ರಾತ್ರಿ ಒಂದೂಮುಕ್ಕಾಲಿಗೆ
ಯಾರೋ ಮುಚ್ಚಳ ತೆರೆದರು.
ಹೆಸರಿಲ್ಲ, ಬರೀ ಅಂಕಿ.
ತೊಟ್ಟಿಕ್ಕುತ್ತ ಬಂತು, ತೊಂಬತ್ತೇಳೂಮುಕ್ಕಾಲು.
ಅಷ್ಟರಲ್ಲಿ ಹೋಯಿತು,
ಅವರದೋ ನಮ್ಮದೋ, ಕರೆಂಟು.

ಬೆಳಿಗ್ಗೆ ಕೇಳಿ ನೋಡಿದೆ.
ಹೊಸದಾಗಿ ಸಿಕ್ಕಿದ್ದು ಆ ಉತ್ತರವಲ್ಲ.
ಭಾಗವತರು ಕೆಮ್ಮಿ
ಸ್ವಲ್ಪ ಬಿಸಿನೀರು ಕೇಳುವುದು.
ಅದನ್ನೂ ತೆರೆದಿಟ್ಟಿದ್ದೇನೆ.