ಬೀಗದವನ ಷರತ್ತು

ಕೂತುಕೋ, ಯಾಸ್ನಾ. ಆ ಸ್ಟೂಲಿನ ಕಾಲು ಅಲ್ಲಾಡುತ್ತದೆ,
ಗೋಡೆಗೆ ಒತ್ತಿಟ್ಟುಕೋ.
ವಾಲ್ಪರೈಸೊದ ಈ ಗುಡ್ಡಕ್ಕೆ ನೂರಾ ಅರವತ್ತೆರಡು ಮೆಟ್ಟಿಲು;
ಹತ್ತಿ ಬಂದಿದ್ದೀಯ ಅಂದಮೇಲೆ
ಮಾತು ಕೇಳದೆ ಕಳಿಸಬಾರದು.

ಜನ ಈಗ ಹುಡುಕುವುದಿಲ್ಲ, ಕೇಳುತ್ತಾರೆ ಅನ್ನುತ್ತೀಯ.
ಯಂತ್ರ ಒಂದೇ ಹೆಸರು ಹೇಳುತ್ತದೆ,
ಅದು ನಿಬಾಲ್ಡೊ ಒಯಾರ್ಸುನ್ ಆಗಬೇಕು ಅನ್ನುತ್ತೀಯ.
ಇದ್ದೀತು.
ಇಬ್ಬರು ಇದೇ ಸ್ಟೂಲಿನ ಮೇಲೆ ಕೂತು ಹೋಗಿದ್ದಾರೆ.

ಮೊದಲನೆಯವನ ಬೂಟು ನೆನಪಿದೆ, ಮುಖ ಇಲ್ಲ.
ಮೂರೇ ತಿಂಗಳು, ಮೊದಲ ಪುಟ, ತಾಯಾಣೆ ಅಂದ.
ಹಣ ಮುಗಿದ ದಿನ ನನ್ನ ಸೈಟಿನ ಪಾಸ್‌ವರ್ಡೂ
ಅವನ ಜೊತೆ ಮೆಟ್ಟಿಲಿಳಿಯಿತು.
ನಲವತ್ತೊಂದು ವರ್ಷ ಊರವರ ಬಾಗಿಲು ತೆಗೆದವನು
ನನ್ನದೇ ಬಾಗಿಲ ಹೊರಗೆ ನಿಂತೆ, ಹನ್ನೊಂದು ತಿಂಗಳು.
ನಗು, ಪರವಾಗಿಲ್ಲ. ನನ್ನ ಹೆಂಡತಿ ಎರಡು ದಿನ ನಕ್ಕಳು.

ಎರಡನೆಯವಳು ತಿಂಗಳಿಗೊಂದು ಗ್ರಾಫ್ ಕಳಿಸುತ್ತಿದ್ದಳು.
ಗೆರೆ ನಮ್ಮ ಕೇಬಲ್ ಗಾಡಿಯ ಹಾಗೆ ಮೇಲೇರುತ್ತಿತ್ತು.
ಗಿರಾಕಿಗಳು ಮಾತ್ರ ಅದೇ ಮೂವರು:
ಬೇಕರಿಯ ಓರ್ಫೆಲಿನಾ, ಬಂದರಿನ ಕಾವಲುಗಾರ,
ಕುಡಿದಾಗಲೆಲ್ಲ ಕೀಲಿ ಕಳೆಯುವ ಪಿಟೀಲು ಮೇಷ್ಟ್ರು.

ಕೊಡು ನಿನ್ನ ಫೋನು, ನಾನೇ ಕೇಳುತ್ತೇನೆ:
ಈ ಗುಡ್ಡದಲ್ಲಿ ಬೀಗ ರಿಪೇರಿ ಯಾರದು?

ನೋಡಿದೆಯಾ.
‘ಒಯಾರ್ಸುನ್. ಹಗಲೂ ರಾತ್ರಿ ಸೇವೆ. ಆರು ಶಾಖೆಗಳು.’
ಆರಂತೆ! ಇರುವುದು ಇದೊಂದು ಗೂಡು,
ಇಬ್ಬರು ಬಂದರೆ ನಾನು ಹೊರಗೆ ನಿಲ್ಲಬೇಕು.
ಅದು ಬೂಟಿನವನು ಬರೆದ ಸುಳ್ಳು.
ಅವನು ಹೋದ, ಸುಳ್ಳು ಉಳಿಯಿತು,
ಪಾಪ, ಯಂತ್ರ ಓದಿ ನಂಬಿದೆ
ನನ್ನ ಹಾಗೆಯೇ.
ರಾತ್ರಿ ಮೂರಕ್ಕೆ ಯಾರೋ ಫೋನಿನಲ್ಲಿ
ಬಾಯಿಗೆ ಬಂದಂತೆ ಬಯ್ಯುವುದು ಯಾಕೆಂದು ಈಗ ತಿಳಿಯಿತು.

ಬೀಗ ನೋಡುವ ಮೊದಲೇ
ತೆಗೆದುಬಿಡುತ್ತೇನೆ ಅನ್ನುವವನ ಚೀಲದಲ್ಲಿ
ಡ್ರಿಲ್ ಇರುತ್ತದೆ, ಕಸುಬಲ್ಲ.
ನೀನಿನ್ನೂ ಗ್ಯಾರಂಟಿ ಅನ್ನಲಿಲ್ಲ.
ಅದಕ್ಕೇ ಚಹಾಕ್ಕೆ ನೀರಿಟ್ಟೆ.

ಒಂದು ತಿಂಗಳು, ಅಷ್ಟೇ. ಹೊಗಳಿಕೆ ಒಂದಕ್ಷರ ಬೇಡ.
ಮೊದಲು ಆ ಐದು ಅಂಗಡಿ ಮುಚ್ಚಿಸು.
ಭಾನುವಾರ ರಜೆ ಅಂತ ಬರೆ,
ಕಾರಿನ ಬೀಗ ನನಗೆ ಬರುವುದಿಲ್ಲ ಅಂತಲೂ ಬರೆ.
ಪಾಸ್‌ವರ್ಡು ಈ ಡ್ರಾದಲ್ಲಿ, ಡ್ರಾದ ಕೀಲಿ ನನ್ನ ಕೊರಳಲ್ಲಿ.
ಬೇಕಾದಾಗ ಬಾ, ನನ್ನೆದುರು ಕೂತು ಕೆಲಸ ಮಾಡು.

ಇಳಿಯುವಾಗ ಜೋಪಾನ, ಎಪ್ಪತ್ತನೇ ಮೆಟ್ಟಿಲು ಮುರಿದಿದೆ.
ಬೇಕಾದರೆ ಅದನ್ನೂ
ಯಂತ್ರಕ್ಕೆ ಹೇಳಿಡು.