ಕಾಲಂ ಹನ್ನೊಂದು

ಫಾರಂ ಮಂಗಳೂರಿನಿಂದ ಬಂದದ್ದು.
ಹನ್ನೊಂದನೆಯ ಕಾಲಂ:
ಶಾಲೆಯಲ್ಲಿ ಕ್ರೈಸ್ತ ಮೌಲ್ಯಗಳ ಅನುಷ್ಠಾನ,
ಐವತ್ತು ಪದ ಮೀರದಂತೆ.
ಹತ್ತರವರೆಗೆ ತುಂಬಿದ್ದೇನೆ:
ಬೆಂಚು, ಬಾವಿ, ಶೌಚಾಲಯ, ಒಡೆದ ಹಂಚು,
ಕನ್ನಡ ಡಿವಿಷನ್ನಿನಲ್ಲಿ ಉಳಿದ ಮಕ್ಕಳು ನಲವತ್ತಮೂರು.

ನಾನು ಹಣೆಗೆ ಬೊಟ್ಟಿಡುವವಳು.
ಇಪ್ಪತ್ತೆರಡು ವರ್ಷದಿಂದ ಈ ಶಿಲುಬೆಯ ಕೆಳಗೆ
ಹಾಜರಿ ಕರೆಯುತ್ತಿದ್ದೇನೆ.
ಅದರ ಹಿಂದೆ ಗುಬ್ಬಿ ಗೂಡು ಕಟ್ಟಿದರೆ
ಯಾರು ತೆಗೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.
ಊಟದ ರಿಜಿಸ್ಟರು ಮಲಯಾಳದಲ್ಲಿ,
ಅಡುಗೆಯ ಕಾರ್ಮಿಣ್‌ಬಾಯಿ ಗೊಣಗುವುದು ಕೊಂಕಣಿಯಲ್ಲಿ,
ಮಕ್ಕಳ ಜಗಳ ತುಳುವಿನಲ್ಲಿ ಶುರುವಾಗಿ
ಬ್ಯಾರಿಯಲ್ಲಿ ಮುಗಿಯುತ್ತದೆ.
ನಾನು ಕನ್ನಡದಲ್ಲಿ ಬೈಯುತ್ತೇನೆ, ಸಂಬಳ ಅದಕ್ಕೇ.

ಕಾರ್ಮಿಣ್‌ಬಾಯಿಯ ವಿಷಯ ಬರೆಯೋಣವೆಂದರೆ
ಆಕೆ ನಾಲ್ಕನೇ ಕ್ಲಾಸು ಫೇಲು, ಇದೇ ಶಾಲೆಯಲ್ಲಿ.
ಹೋದ ಮಳೆಗಾಲ ಜಗಲಿಯ ಸಾಲಿನ ತುದಿಗೆ
ಕೊರಗರ ಕಾಲನಿಯ ಪ್ರಮೀಳ ಕೂರುತ್ತಿದ್ದಳು,
ಅವಳಿಗೂ ಪಕ್ಕದವಳಿಗೂ ನಡುವೆ
ಒಂದು ಚೀಲದಷ್ಟು ಜಾಗ.
ಯಾರು ಬಿಟ್ಟದ್ದು?
ಯಾರೂ ಬಿಟ್ಟದ್ದಲ್ಲ ಟೀಚರ್, ಅದು ಚೀಲ ಇಡಲಿಕ್ಕೆ.
ಸಮಾನತೆಯ ಪಾಠ ಎರಡು ಸಲ ಮಾಡಿದೆ,
ಬಣ್ಣದ ಚಾರ್ಟು ಅಂಟಿಸಿದೆ.
ಕಾರ್ಮಿಣ್‌ಬಾಯಿ ಸೌಟು ಹಿಡಿದು
ಒಂದು ದಿನ ಆ ತುದಿಯಿಂದ ಬಡಿಸತೊಡಗಿದಳು, ಅಷ್ಟೆ.
"ಮಂಡಿ ನೋವು, ಇದೇ ಹತ್ತಿರ" ಅಂದಳು.
ಅಡುಗೆಕೋಣೆ ಇರುವುದು ಇನ್ನೊಂದು ತುದಿಗೆ.
ವಾರದೊಳಗೆ ಹುಡುಗರು ಓಡಿಹೋಗಿ
ಪ್ರಮೀಳನ ಪಕ್ಕ ಕೂರಲು ನೂಕಾಡಿದರು,
ಹಪ್ಪಳ ಮೊದಲು ಸಿಗುತ್ತದೆಂದು, ಒಳ್ಳೆಯತನಕ್ಕಲ್ಲ.
ಚೀಲಗಳು ಮೊಳೆಗೆ ಹೋದವು.
ಇದನ್ನು ಮೌಲ್ಯವೆಂದು ಬರೆದರೆ
ಮಂಡಿನೋವನ್ನು ಎಲ್ಲಿ ಬರೆಯಲಿ?

ಇನ್ನು ಮೊಟ್ಟೆ.
ಬುಧವಾರ ತಲೆಗೊಂದು, ನಲವತ್ತಮೂರು.
ಒಂದು ಬುಧವಾರ ನಲವತ್ತೆರಡೇ.
ಸಾಲಿನ ಕೊನೆಗೆ ಮಿಸ್ಬಾಹ್ ಖಾಲಿ ಬಟ್ಟಲು ಹಿಡಿದು
"ನನ್ನದು, ಟೀಚರ್?" ಅಂದ.
ಎರಡನೇ ಕ್ಲಾಸಿನ ಯಕ್ಷಿತ್‌ನ ಚಡ್ಡಿಕಿಸೆ ದುಂಡಗಿತ್ತು,
ಬಿಸಿಗೆ ಒಂಟಿಕಾಲಲ್ಲಿ ನಿಂತಿದ್ದ.
ಗೇಟಿನಾಚೆ ಅವನ ತಂಗಿ,
ಇನ್ನೂ ಹಾಜರಿಗೆ ಸೇರದವಳು,
ಸರಳುಗಳ ನಡುವೆ ಮೂಗು ತೂರಿಸಿಕೊಂಡು.
ನಾನು ಬಾಯಿ ತೆರೆಯುವ ಮೊದಲೇ
"ನಾನು ತಿಂದೆ" ಅಂದಳು ಕಾರ್ಮಿಣ್‌ಬಾಯಿ,
ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬೇರೆ.
ಮೊಟ್ಟೆಯ ವಾಸನೆಗೇ ವಾಕರಿಸುವ ಹೆಂಗಸು.
ಮಕ್ಕಳು ನಕ್ಕರು. ಯಕ್ಷಿತ್ ನಗಲಿಲ್ಲ.
ಮಿಸ್ಬಾಹನಿಗೆ ಎರಡು ಹಪ್ಪಳ.

ಸುಳ್ಳು ಸುಳ್ಳೇ. ಶನಿವಾರ ಸಂಜೆ
ತಲೆಗೆ ಸೆರಗೆಳೆದು, ಇಗರ್ಜಿಯ ಮರದ ಜಾಲರಿಗೆ ಬಾಯಿಟ್ಟು
ಪಾಪನಿವೇದನೆ ಮಾಡಿ ಬಂದಳು.
ಜಾಲರಿಯ ಆಚೆ ಕೂತವರು ಫಾದರ್ ವಲೇರಿಯನ್,
ಶಾಲೆಯ ಮ್ಯಾನೇಜರು,
ಈ ಫಾರಂ ನನ್ನ ಕೈಗಿತ್ತವರು.
ಅವರಿಗೆ ಗೊತ್ತು, ಹೇಳುವಂತಿಲ್ಲ.
ನನಗೂ ಗೊತ್ತು, ಬರೆಯಲು ಬರುವುದಿಲ್ಲ.

ಪ್ರಾಯಶ್ಚಿತ್ತ ಏನು ಕೊಟ್ಟರು?
ಕೇಳಬಾರದಿತ್ತು, ಕೇಳಿದೆ.
ಬಾಣಲೆ ಉಜ್ಜುತ್ತ ಕೊಂಕಣಿಯಲ್ಲಿ ಏನೋ ಅಂದಳು.
ಅಲ್ಲಿಂದೀಚೆಗೆ ಪ್ರತಿ ಬುಧವಾರ
ಬಿಳಿಯವುಗಳ ನಡುವೆ ಒಂದು ಕಂದು,
ಅವಳ ಮನೆಯ ಹೇಂಟೆಯದು, ಸಣ್ಣದು,
ಕುದಿಯುವಾಗ ಮಿಕ್ಕವಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ.
ನಾನು ರಿಜಿಸ್ಟರಿನಲ್ಲಿ
ನಲವತ್ತಮೂರು ಎಂದು ಬರೆದು ಸಹಿ ಹಾಕುತ್ತೇನೆ.
ನನಗೆ ಜಾಲರಿಯಿಲ್ಲ.

ಗೇಟಿನ ಹುಡುಗಿಗೆ ಜೂನಿಗೆ ಐದು ತುಂಬುತ್ತದೆ.
ನಮ್ಮಲ್ಲಿಗೆ ಬರುತ್ತಾಳೋ
ಹಳದಿ ವ್ಯಾನು ಹತ್ತುತ್ತಾಳೋ.

ಕುಂಬಳೆಯ ಬಸ್ಸಿಗೆ ಹೊತ್ತಾಯಿತು.
ಕಾಲಂ ಹನ್ನೊಂದು:
ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ನಡೆಸಲಾಗುತ್ತದೆ.
ನಾಲ್ಕು ಪದ.
ಉಳಿದ ನಲವತ್ತಾರರ ಜಾಗದಲ್ಲಿ
ಹೆಸರುಕಾಳಿನ ಗಸಿಯದೊಂದು ಕಲೆ ಬಿದ್ದಿದೆ.
ಒರೆಸಿ ನೋಡಿದೆ,
ಇನ್ನಷ್ಟು ಹರಡಿತು.