ಕಂಸದೊಳಗೆ

ವರದಿಯ ಬಲಗಡೆ, ಕಂಸದೊಳಗೆ,
ಪ್ರತಿ ಸಲ ಅದೇ:
ನಾಲ್ಕು ಸಾವಿರದಿಂದ ಹನ್ನೊಂದು ಸಾವಿರ.
ಯಾರ ರಕ್ತ ಎಣಿಸಿ ಬರೆದರೋ ಗೊತ್ತಿಲ್ಲ.
ಕಿಟ್ಟಿನ ಡಬ್ಬಿಯಲ್ಲಿ ಎಂಟು ಮಡಿಕೆಯ ಹಾಳೆ,
ಇರುವೆಯಂಥ ಅಕ್ಷರ.
ಕಾರವಾರದ ಈ ಲ್ಯಾಬಿಗೆ ಬಂತು,
ಬಂದದ್ದೇ ಕಾನೂನಾಯಿತು.

ಲುವಿಜಾ ಸಿದ್ದಿಗೆ ಮೂರು ಸಾವಿರದ ನೂರು.
ಪಕ್ಕದಲ್ಲಿ ಕೆಳಮುಖದ ಬಾಣ.
ಅರಣ್ಯ ಕಾವಲಿನ ಕೆಲಸ, ಅರ್ಹತಾ ಪತ್ರ
ಮೂರು ಸಲ ತಡೆಯಿತು.
ಮೂಳೆಗೆ ಸೂಜಿ ಇಳಿಸಿ ಮಜ್ಜೆ ತೆಗೆದೂ ನೋಡಿದರು.
ಏನೂ ಸಿಗಲಿಲ್ಲ.
"ನಂಗೆ ಬೇನೆ ಬಂದದ್ದು
ನೀವು ಎಣಿಸೂಕೆ ಶುರು ಮಾಡಿದ ಮೇಲೆ" ಅಂದಳು,
ಹತ್ತಿ ಒತ್ತಿದ ತೋಳು ಮಡಚಿಕೊಂಡು.

ನನ್ನಪ್ಪ ಬೈತಖೋಲದಲ್ಲಿ ಬಲೆ ಬೀಸಿದವ.
ಭರತಿಯ ಪಟ್ಟಿ ಬೇರೆ ಬಂದರದ್ದು ಸಿಗುತ್ತಿತ್ತು.
ಅದಕ್ಕೆ ಇಷ್ಟು ಕೂಡಿಸಿ, ಇಷ್ಟು ಕಳೆದು,
ಕಡೆಗೆ ಬಂಡೆಯ ಪಾಚಿಯ ಗೆರೆ ನೋಡಿಯೇ
ದೋಣಿ ಇಳಿಸುತ್ತಿದ್ದ.
ನೀರು ತಪ್ಪಿದೆ ಎಂದು
ಒಮ್ಮೆಯೂ ಹೇಳಿದ್ದಿಲ್ಲ.

ಡಾಕ್ಟರ್ ರಾಯ್ಕರ್ ಬಾಯಿ ಹೇಳಿದರು: ನಾವೇ ಎಣಿಸೋಣ.
ನೂರಿಪ್ಪತ್ತು ಸಿದ್ದಿಗಳು ಬೇಕು, ಬೇನೆಯಿಲ್ಲದವರು.
ಹದಿನೇಳು ವರ್ಷ ಬೇನೆಯವರೇ
ನನ್ನೆದುರು ತೋಳು ಚಾಚಿದ್ದು.
ಗಟ್ಟಿ ಇದ್ದವರನ್ನು ಹುಡುಕಿ ಚುಚ್ಚುವುದು
ಏನೋ ಕದ್ದ ಹಾಗೆ.

ಯಲ್ಲಾಪುರ ಕಡೆಯ ಟೆಂಪೋ ಹತ್ತಿ
ಖಾಲಿ ಹೊಟ್ಟೆಯಲ್ಲಿ ಬಂದರು.
ಹಾಳೆ ನೋಡಿ ಓದಿದೆ: ಜ್ವರ? ಮಾತ್ರೆ? ಬಸಿರು?
ಆರೋಗ್ಯವಾಗಿದ್ದೀರಾ?
ಜೇನು ಕೀಳುವ ಕಯ್ತಾನ ನಕ್ಕ:
"ಮರ ಹತ್ತಿ ತೋರಿಸ್ಲಾ?"
ಹಾಳೆಯಲ್ಲಿ ಅದಕ್ಕೆ ಖಾನೆ ಇರಲಿಲ್ಲ.
ಆಮೇಲೆ ಅವಲಕ್ಕಿ, ಚಹಾ.
ಮುದುಕಿಯೊಬ್ಬಳು ಎರಡನೇ ಸಲ ತೋಳು ಕೊಟ್ಟಳು,
ಚಹಾ ಇನ್ನೊಂದು ಬೇಕಿತ್ತು.

ಬಾಯಿ ಬಿಡಿಸಿ ಹೇಳಿದರು:
ಬಿಳಿ ಕಣ ಬೀದಿಯಲ್ಲಿ ಕಡಿಮೆ, ಅಷ್ಟೆ.
ಒಳಮನೆಯಲ್ಲಿ ಬೇಕಾದಷ್ಟು.
ಸಮುದ್ರದಾಚೆಯ ಯಾವುದೋ ಜ್ವರಕ್ಕೆ
ಅಜ್ಜಿಯ ಅಜ್ಜಿಯ ಅಜ್ಜಿ
ಮೈಗೆ ಹಾಕಿಕೊಂಡ ಚಿಲಕ ಇದು.
ಜ್ವರ ಅಲ್ಲೇ ಉಳಿಯಿತು.
ಹಡಗು ಇವರನ್ನು ಇಲ್ಲಿ ಇಳಿಸಿತು,
ಚಿಲಕದ ಸಮೇತ.

ರಾತ್ರಿ ಸಂಖ್ಯೆಗಳನ್ನು ಸಾಲು ನಿಲ್ಲಿಸಿದೆ,
ಸಣ್ಣದರಿಂದ ದೊಡ್ಡದಕ್ಕೆ.
ಕೆಳಗಿನಿಂದ ಮೂರನೆಯದು ಗಡಿ,
ಮೇಲಿನಿಂದ ಮೂರನೆಯದು ಗಡಿ. ಲೆಕ್ಕದ ನಿಯಮ.
ಒಂದು.
ಎರಡು.
ಮೂರು, ಲುವಿಜಾ.

ಗೆರೆಯ ಹೊರಗಿದ್ದವಳು ಈಗ ಗೆರೆ.
ಇನ್ನು ಯಾವ ಸಿದ್ದಿಯ ವರದಿಯಲ್ಲೂ
ಅವಳ ಮೂರು ಸಾವಿರದ ನೂರು ಅಚ್ಚಾಗುತ್ತದೆ,
ಹೆಸರಿಲ್ಲದೆ.
ಫೋನಿನಲ್ಲಿ ಹೇಳಿದೆ. ತುಸು ಸುಮ್ಮನಿದ್ದು ಕೇಳಿದಳು,
"ನನ್ನ ಕೆಳಗೆ ಯಾರು?"

ಇಬ್ಬರು.
ಒಬ್ಬ ಕಯ್ತಾನ.
ಹೊಸ ಕಂಸಕ್ಕೂ ಅವನು ಹೊರಗೇ;
ಯಂತ್ರ ನಿಷ್ಠೆಯಿಂದ ಬಾಣ ಒತ್ತಿತು.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟೆ:
ಮರ ಹತ್ತುತ್ತಾನೆ.